ಮಳೆ ಲೆಕ್ಕ, ಕೊಳಗದ ಲೆಕ್ಕ

ದಿನ ಕೆಡುವುದಕ್ಕೆ ಪಂಚಾಂಗ ನೋಡಬೇಕಿಲ್ಲ. ಅದರಲ್ಲೂ ನಮ್ಮ ಆನಂದಪುರದಲ್ಲಿ ಆಶ್ಲೇಷಾ ಮಳೆ ಹಿಡಿದ ವಾರ ಕೆಡದ ದಿನ ಯಾವುದೆಂದು ಹುಡುಕುವುದೇ ಕಷ್ಟ. ಏಳುವ ಹೊತ್ತಿಗೆ ಕರೆಂಟಿಲ್ಲ. ಕರೆಂಟಿಲ್ಲದ ಮೇಲೆ ಪಂಪಿಲ್ಲ, ಮಿಕ್ಸಿಯಿಲ್ಲ. ಸ್ವಲ್ಪ ಹೊತ್ತಿಗೆ ಟವರೂ ಇಲ್ಲ. ಜಗಲಿಯ ಹಗ್ಗದ ಮೇಲಿನ ಬಟ್ಟೆ ನಿನ್ನೆಗಿಂತ ಇವತ್ತು ಹೆಚ್ಚು ತೇವ. ಶಿವಮೊಗ್ಗದ ಬಸ್ಸು ನಾವು ಛತ್ರಿ ಮಡಚುವುದರೊಳಗೆ ಹೊರಟುಬಿಟ್ಟಿರುತ್ತದೆ. ಎಲ್ಲಿಗೂ ಹೋಗಬೇಕಿಲ್ಲದ ದಿನ ಅದೇ ಬಸ್ಸು ನಮ್ಮ ಮುಖ ನೋಡುತ್ತ ಹತ್ತು ನಿಮಿಷ ನಿಂತಿರುತ್ತದೆ. ತಾಳಗುಪ್ಪದ ರೈಲು ಸರಿಯಾದ ಹೊತ್ತಿಗೆ ಬರುವುದು ನಾವು ತಡವಾದ ದಿನ ಮಾತ್ರ.

ಇಂಥ ಹೊತ್ತಿನಲ್ಲೇ ಟವರಿಗೆ ಎರಡು ನಿಮಿಷ ಜೀವ ಬರುತ್ತದೆ. ಬಂದ ಕೂಡಲೇ ಮೊದಲು ಬಂದು ಬೀಳುವುದು ಬೆಂಗಳೂರಿನ ನೆಂಟರೊಬ್ಬರ ವಾಟ್ಸಾಪ್ ಸಂದೇಶ. ಕಿತ್ತಳೆ ಬಣ್ಣದ ಸೂರ್ಯೋದಯ, ಪಕ್ಕದಲ್ಲಿ ಎರಡು ಗುಲಾಬಿ, ಕೆಳಗೆ ‘ಸದಾ ಪಾಸಿಟಿವ್ ಆಗಿರಿ, ದಿನ ತಾನಾಗಿ ಒಳ್ಳೆಯದಾಗುತ್ತದೆ’. ನಾನು ಅದನ್ನು ಬೇಲಿಯಾಚೆಗೆ ಕೇಳುವಂತೆ ಓದಿದೆ. ಆಚೆಮನೆ ದೊಡ್ಡಮ್ಮ ದಾಸವಾಳದ ಸಂದಿಯಿಂದ ಮುಖ ಹಾಕಿ, “ಸೂರ್ಯನ್ನ ಕಳ್ಸಿದಾನಾ? ಚಿತ್ರ ಬ್ಯಾಡ, ಬಿಸ್ಲಿದ್ರೆ ಎರಡು ಚೀಲ ಕಳ್ಸು ಅನ್ನು ಮಾರಾಯ. ವಾರದ ಬಟ್ಟೆ ಒಣಗ್ಸದಿದೆ” ಅಂದರು.

ದೊಡ್ಡಮ್ಮ ಎಂದರೆ ರಕ್ತಸಂಬಂಧವೇನಲ್ಲ, ಬೇಲಿಸಂಬಂಧ. ಎಂಬತ್ತರ ಹತ್ತಿರದ ಜೀವ. ನಡುವಿನ ಬೇಲಿ ಅರ್ಧ ದಾಸವಾಳ, ಅರ್ಧ ಲಕ್ಕಿಗಿಡ. ಒಂದು ಕಡೆ ಉಣುಗೋಲು. ದನ ದಾಟಬಾರದೆಂದು ಹಾಕಿದ್ದು. ಮಾತು ದಾಟುವುದಕ್ಕೆ ಅಡ್ಡಿಯಿಲ್ಲ. ಈ ಬೇಲಿ ಮಾತಿಗೆ ಒಂದು ನೇಮವೂ ಇದೆ. ಇವತ್ತಿನ ಗೋಳನ್ನು ಮೊದಲು ಹೇಳಿಕೊಂಡವರು, ಆಚೆಯವರ ಗೋಳು ಮುಗಿಯುವ ತನಕ ಜಾಗ ಬಿಟ್ಟು ಕದಲುವ ಹಾಗಿಲ್ಲ. ನಾನು “ಬಸ್ಸು ತಪ್ಪಿತು” ಎಂದರೆ ಅವರು “ನಿಂಗೆ ಬಸ್ಸಷ್ಟೇನಾ? ನಂಗೆ ಹಾಲೂ ಒಡೀತು, ಬೆಕ್ಕೂ ಕಾಣ್ತಿಲ್ಲ” ಎನ್ನುತ್ತಾರೆ. ಯಾರ ದಿನ ಹೆಚ್ಚು ಕೆಟ್ಟಿದೆಯೆಂದು ತೀರ್ಮಾನವಾಗುತ್ತದೋ ಅವರ ಕಡೆಗೆ ಬೇಲಿ ಮೇಲಿಂದ ಒಂದು ಲೋಟ ಕಷಾಯ ದಾಟುತ್ತದೆ. ಕಷಾಯದ ಆಸೆಗೆ ನನ್ನ ದಿನ ಇದ್ದುದಕ್ಕಿಂತ ಸ್ವಲ್ಪ ಹೆಚ್ಚು ಕೆಡುವುದೂ ಉಂಟು.

ಪಾಸಿಟಿವ್ ಆಗಿರುವ ಈ ಉಪದೇಶ ಹಳೆಯ ಸರಕು. 1952ರಲ್ಲಿ ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ ‘ದಿ ಪವರ್ ಆಫ್ ಪಾಸಿಟಿವ್ ಥಿಂಕಿಂಗ್’ ಅಂತ ಒಂದು ಪುಸ್ತಕ ಬರೆದರು. ಅದು ಲಕ್ಷಗಟ್ಟಲೆ ಖರ್ಚಾಯಿತು. ಆಮೇಲೆ ಅದರ ಮಕ್ಕಳು, ಮೊಮ್ಮಕ್ಕಳು ಹುಟ್ಟಿ, ಈಗ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಪಂಚಾಂಗ, ಅಡುಗೆ ಪುಸ್ತಕಗಳ ನಡುವೆ ಕೂತಿವೆ. ಎಲ್ಲದರ ಸಾರಾಂಶ ಒಂದೇ: ಒಳ್ಳೆಯದಾಗುತ್ತದೆಂದುಕೊಳ್ಳಿ, ಆಗುತ್ತದೆ. ದೊಡ್ಡಮ್ಮನಿಗೆ ಇಷ್ಟನ್ನು ವಿವರಿಸಿದೆ. ಅವರು ಸ್ವಲ್ಪ ಯೋಚನೆ ಮಾಡಿ, “ಹಂಗಾರೆ ದೋಸೆ ಹಿಟ್ಟಿನ ಮುಂದೆ ಕೂತ್ಕಂಡು ಹುಳಿ ಬರ್ತದೆ, ಹುಳಿ ಬರ್ತದೆ ಅಂದ್ರೆ ಬರ್ತದಾ?” ಅಂತ ಕೇಳಿದರು.

ಇದು ಮಲೆನಾಡಿನ ಮಳೆಗಾಲದ ನಿಜವಾದ ಪ್ರಶ್ನೆ. ಈ ಥಂಡಿಗೆ ಹಿಟ್ಟು ಹುಳಿ ಬರುವುದೇ ಇಲ್ಲ. ಕರೆಂಟಿದ್ದ ಹೊತ್ತಿನಲ್ಲಿ ರುಬ್ಬಿಕೊಂಡ ಹಿಟ್ಟನ್ನು ದೊಡ್ಡಮ್ಮ ರಾತ್ರಿ ಬಚ್ಚಲೊಲೆಯ ಪಕ್ಕ, ಹಂಡೆಯ ಬೆಚ್ಚಗೆ ತಾಗುವ ಹಾಗೆ ಇಟ್ಟು, ಪಾತ್ರೆಗೆ ಒಂದು ಹಳೇ ಪಂಚೆ ಸುತ್ತುತ್ತಾರೆ. ಬೆಳಗ್ಗೆ ಪಂಚೆ ಬಿಚ್ಚಿ, ಸೌಟಿನಲ್ಲಿ ಒಂದು ಸುತ್ತು ಕಲಕಿ, ಕಿವಿಯನ್ನೂ ಹತ್ತಿರ ತರುತ್ತಾರೆ. ಗುಳ್ಳೆ ಒಡೆಯುವ ಸದ್ದಿದ್ದರೆ ದೋಸೆ. ಇಲ್ಲದಿದ್ದರೆ ಇನ್ನೆರಡು ಲೋಟ ನೀರು ಹೊಯ್ದು ತೆಳ್ಳೇವು. ತೆಳ್ಳೇವಿಗೆ ಹುಳಿಯೂ ಬೇಡ, ಗುಳ್ಳೆಯೂ ಬೇಡ. ಕಾವಲಿ ಚೆನ್ನಾಗಿ ಕಾದಿರಬೇಕು, ಪಕ್ಕದಲ್ಲಿ ಜೋನಿಬೆಲ್ಲ ಇರಬೇಕು. ಆ ಮನೆಯಲ್ಲಿ ತಿಂಡಿ ಕೆಟ್ಟಿತೆಂದು ಯಾರೂ ಮುಖ ಊದಿಸಿಕೊಂಡದ್ದನ್ನು ನಾನು ಕಂಡಿಲ್ಲ. ಹಿಟ್ಟು ಕೈಕೊಡುತ್ತದೆಂದು ಅವರಿಗೆ ರಾತ್ರಿಯೇ ಅನುಮಾನ. ಅನುಮಾನದ ಬೆನ್ನಿಗೇ ಇನ್ನೊಂದು ದಾರಿ.

ಇದನ್ನೇ ಗೇಬ್ರಿಯೆಲೆ ಓಟಿಂಗೆನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆ ವರ್ಷಾನುಗಟ್ಟಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ತೂಕ ಇಳಿಸಿಕೊಳ್ಳಲು ಸೇರಿದ್ದ ಹೆಂಗಸರನ್ನು ಗಮನಿಸಿದಾಗ, ತೆಳ್ಳಗಾದ ತಮ್ಮ ರೂಪವನ್ನು ಕಣ್ಮುಂದೆ ತಂದುಕೊಂಡು ಹಿಗ್ಗಿದವರೇ ಕಡಿಮೆ ಇಳಿದಿದ್ದರು. ಆದೀತೆಂಬ ನಂಬಿಕೆ ಒಳ್ಳೆಯದೇ. ಆಗಿಯೇಬಿಟ್ಟಿತೆಂಬ ಹಗಲುಗನಸು ಮಾತ್ರ ಕಾಲು ಹಿಡಿದು ಕೂರಿಸುತ್ತದೆ. ಆಸೆಯ ಪಕ್ಕದಲ್ಲಿ ಅಡ್ಡಿಯನ್ನೂ ಇಟ್ಟು ನೋಡಿ, ಅದು ಎದುರಾದರೆ ಏನು ಮಾಡುತ್ತೇನೆಂದು ಮೊದಲೇ ಗೊತ್ತುಮಾಡಿಕೊಂಡವರಿಗೆ ಕೆಲಸ ಕೈಹತ್ತುತ್ತದೆ ಎಂಬುದು ಅವರು ಕಂಡುಕೊಂಡದ್ದು. ಇದರ ಮೇಲೆ 2014ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಕೇಳಿ ದೊಡ್ಡಮ್ಮ, “ಪಾಪ, ಇದಕ್ಕೆ ಅಷ್ಟೆಲ್ಲ ಓದ್ಬೇಕಾಯ್ತಾ!” ಅಂತ ಮರುಗಿದರು.

ಆದರೆ ಹಿಟ್ಟು ಸಣ್ಣ ಮಾತು. ತೋಟದವರ ದಿನ ಕೆಡುವ ಪರಿಯೇ ಬೇರೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನವನ್ನೇ ನೋಡಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಮನೆಗೆ ನಾಲ್ಕು ಸಲ ಹೋಗಿ, ಕಾಫಿ ಕುಡಿದು, ಅವನ ಮಗಳ ಮದುವೆ ಮಾತು ಕೇಳಿ, ಅಂತೂ ಒಂದು ದಿನ ಗೊತ್ತಾಗುತ್ತದೆ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಬೇಕು, ಇನ್ನೊಂದರಲ್ಲಿ ಸುಣ್ಣ ಅರಳಿಸಬೇಕು. ಲೆಕ್ಕ ಬಾಯಿಪಾಠ: ತುತ್ತ 1 ಕಿಲೋ, ಸುಣ್ಣ 1 ಕಿಲೋ, ಎರಡಕ್ಕೂ ಸೇರಿ ನೀರು 100 ಲೀಟರು. ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನ ಹೊಯ್ಯುತ್ತ ಕೋಲಿನಿಂದ ತಿರುಗಿಸುತ್ತಿದ್ದರೆ ತಿಳಿನೀಲಿ ಬಣ್ಣದ ದ್ರಾವಣ ಏಳುತ್ತದೆ. ಪಾಕ ಸರಿಬಂತೋ ಎಂದು ನೋಡುವುದು ಕತ್ತಿಯಿಂದ. ಉಜ್ಜಿ ಹೊಳಪು ಮಾಡಿದ ಕತ್ತಿಯ ಬಾಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತಿದಾಗ ಅದರ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕತ್ತಿ ಹೇಗಿತ್ತೋ ಹಾಗೇ ಬಂದರೆ ಕೊನೆಗೌಡ ತಲೆಯಾಡಿಸಿ ಸೊಂಟಕ್ಕೆ ಹಗ್ಗ ಸಿಕ್ಕಿಸುತ್ತಾನೆ. ಅಷ್ಟರಲ್ಲಿ ಮಳೆ ಬರುತ್ತದೆ.

ಬರುವುದೂ ಸುಮ್ಮನೆ ಬರುವುದಿಲ್ಲ. ಎರಡು ದಿನದಿಂದ ಹೊಳವಾಗಿದ್ದದ್ದು ಡ್ರಮ್ಮು ತುಂಬಿದ್ದನ್ನು ನೋಡಿಕೊಂಡೇ ಬಂದ ಹಾಗೆ ಬರುತ್ತದೆ. ಒದ್ದೆ ಮರ ಹತ್ತುವ ಹಾಗಿಲ್ಲ. ದ್ರಾವಣವನ್ನು ನಾಳೆಗೆ ಇಟ್ಟರೆ ಸತ್ತ್ವ ಹೋಗುತ್ತದೆ. ಆಳಿನ ಸಂಬಳ, ತುತ್ತದ ದುಡ್ಡು, ಎರಡೂ ಹಳ್ಳದ ಪಾಲು. ಅಂಥ ಒಂದು ದಿನ ನಾನು ಜಗಲಿಯಲ್ಲಿ ಕೂತು ಆಕಾಶಕ್ಕೆ ಬೈಯುತ್ತಿದ್ದರೆ, ಆಚೆಯಿಂದ ದೊಡ್ಡಮ್ಮ ಕೇಳಿದರು: “ಬೈದು ಮುಗೀತಾ? ಮುಗಿದಿದ್ರೆ ಕೊನೆಗೌಡನ ಕೈಲಿ ನನ್ನ ಹಿತ್ಲ ಕಡೆ ಮಾಡಿನ ಹಂಚು ಸರಿ ಮಾಡ್ಸಿ ಕೊಡು. ಹ್ಯಾಂಗೂ ಸಂಬ್ಳ ಕೊಟ್ಟಾಯ್ತಲ.” ನನ್ನ ದುಡ್ಡಿನಲ್ಲಿ ಅವರ ಮಾಡು ಸೋರುವುದು ನಿಂತಿತು. ಕೆಟ್ಟ ದಿನದಲ್ಲೂ ಒಳ್ಳೆಯದನ್ನು ಕಾಣುವುದೆಂದರೆ ಇದೇ ಇರಬೇಕು, ಕಂಡವರು ಅವರಾದರೂ.

ಈ ಔಷಧಿಯ ಹುಟ್ಟೇ ಒಂದು ಕೆಟ್ಟ ಕಾಲದಲ್ಲಿ ಆದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗೆ ಆಗ ಬೂಜುರೋಗ ತಗುಲಿ ಎಲೆಯೆಲ್ಲ ಉದುರುತ್ತಿತ್ತು. ಅದು ಸಾಲದೆಂದು ದಾರಿಹೋಕರ ಕಾಟ. ರಸ್ತೆ ಬದಿಯ ಬಳ್ಳಿಗೆ ಕೈಹಾಕಿ ಹಣ್ಣು ತಿನ್ನುತ್ತಿದ್ದರು. ತೋಟದವರು, ನೋಡಿದರೆ ವಿಷವೆಂದು ಹೆದರಲಿ ಎಂದು ಆ ಸಾಲುಗಳಿಗೆ ಮಾತ್ರ ತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರು ಆ ದಾರಿಯಲ್ಲಿ ಹೋಗುವಾಗ, ಒಳಗಿನ ಬಳ್ಳಿ ಬೋಳಾಗಿ ರಸ್ತೆ ಬದಿಯ ಬಳ್ಳಿ ಹಸಿರಾಗಿ ನಿಂತಿದ್ದು ಕಣ್ಣಿಗೆ ಬಿತ್ತು. 1885ರಲ್ಲಿ ಪಾಕ ಪ್ರಕಟವಾಯಿತು. ಅದು ನಮ್ಮ ಅಡಿಕೆ ಮರದ ತನಕ ಬಂದದ್ದು ಕೆನಡಾದ ಲೆಸ್ಲಿ ಕೋಲ್ಮನ್ ಎಂಬವರಿಂದ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿ, 1910ರಲ್ಲಿ ಅದರ ಮೇಲೆ ವರದಿ ಬರೆದು, ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಅದಕ್ಕೆ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟಿ, ಮೇಲಿನವನಿಗೆ ಕೈಮುಗಿಯುವುದು, ಅಷ್ಟೇ. ದೊಡ್ಡಮ್ಮ ಈ ಕತೆ ಕೇಳಿ, “ಹಂಗಾರೆ ಕಳ್ಳರಿಂದಲೂ ಲೋಕಕ್ಕೆ ಉಪಕಾರ ಉಂಟು” ಅಂದರು. ಆಮೇಲೆ ಸ್ವಲ್ಪ ತಡೆದು, “ಅಲ್ದನಾ, ಕೊಳೆ ಬರದು ದೇವ್ರ ಲೆಕ್ಕ ಅಂತ ಅಜ್ಜಂದ್ರು ಕೈಕಟ್ಟಿ ಕೂತಿದ್ರು. ಅದು ಮನುಷ್ಯರ ಲೆಕ್ಕಕ್ಕೆ ಬಂತು ನೋಡು” ಅಂದರು.

ಅವರು ಹೇಳಿದ ಈ ಲೆಕ್ಕದ ಮಾತನ್ನು ನಾನು ಬಿಡಲಿಲ್ಲ. ಎಪಿಕ್ಟೇಟಸ್ ಅಂತ ರೋಮಿನ ಕಾಲದ ಒಬ್ಬ ತತ್ತ್ವಜ್ಞಾನಿ ಇದ್ದ. ಗುಲಾಮನಾಗಿ ಹುಟ್ಟಿ ಗುರುವಾದವನು. ನಮ್ಮ ಕೈಲಿರುವುದು ಯಾವುದು, ಇಲ್ಲದ್ದು ಯಾವುದು ಅಂತ ಮೊದಲು ಬೇರೆ ಮಾಡಿಕೊಳ್ಳಿ, ಇಲ್ಲದ್ದಕ್ಕೆ ಕೊರಗಬೇಡಿ ಎಂಬುದು ಅವನ ಬೋಧನೆ. ಕೇಳಲು ಚೆನ್ನಾಗಿದೆ. ತೊಡಕಿರುವುದು ಬೇರೆ ಮಾಡುವ ಜಾಗದಲ್ಲಿ. ಗಡಿಕಲ್ಲು ಎಲ್ಲಿ ನೆಡಬೇಕು? 1907ರಲ್ಲಿ ಕೊಳೆರೋಗ ‘ಇಲ್ಲದ್ದರ’ ಪಟ್ಟಿಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಈಚೆಗೆ ಬಂತು. ಗಡಿಕಲ್ಲನ್ನು ಯಾರಾದರೂ ಕಿತ್ತು ನೆಡುವ ತನಕ ಅದು ಅಲ್ಲೇ ಇರುತ್ತದೆ.

ಇದಕ್ಕೆ ನಮ್ಮ ತಾಲ್ಲೂಕಿನದೇ ಸಾಕ್ಷಿ ಇದೆ. ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿದಾರರ ದಿನಗಳು ತಲೆಮಾರುಗಟ್ಟಲೆ ಕೆಟ್ಟೇ ಇದ್ದವು. ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ, ಇರಬೇಕಾದ್ದಕ್ಕಿಂತ ದೊಡ್ಡದು. ಮಳೆ ಚೆನ್ನಾಗಿ ಆಗಲಿ, ಬೆಳೆ ಚೆನ್ನಾಗಿ ಬರಲಿ, ಕೊಳಗದ ಮುಂದೆ ಬಂದಾಗ ಕೈ ಖಾಲಿ. ‘ಇದ್ದುದರಲ್ಲಿ ಸುಖ ಕಾಣಿ’ ಎಂದು ಹೇಳುವವರಿಗೆ ಆಗಲೂ ಬರವಿರಲಿಲ್ಲ. ಗೇಣಿದಾರರು, ಹೆಚ್ಚಿನವರು ದೀವರು, ಅದನ್ನು ಕೇಳಲಿಲ್ಲ. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು. ಸೋಷಲಿಸ್ಟರು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. ಉಳುವವನೇ ಹೊಲದೊಡೆಯ ಎಂಬ ಕಾನೂನು ಪೂರಾ ಜಾರಿಗೆ ಬರಲು ದೇವರಾಜ ಅರಸರ ಕಾಲದ ತನಕ, 1974ರ ತನಕ ಕಾಯಬೇಕಾಯಿತು. ಪೀಲ್ ಪಾದ್ರಿಯ ಪುಸ್ತಕ ಒಂದು ವರ್ಷ ಮೊದಲೇ ಕಾಗೋಡಿಗೆ ಬಂದು, ಎಲ್ಲರೂ ಓದಿ ಸಮಾಧಾನವಾಗಿದ್ದರೆ ಏನಾಗುತ್ತಿತ್ತೋ!

ದೊಡ್ಡಮ್ಮನ ಮನೆ ಆ ಕೊಳಗದ ಇನ್ನೊಂದು ಬದಿಯಲ್ಲಿದ್ದ ಮನೆ. ಗದ್ದೆ ಗೇಣಿದಾರರ ಹೆಸರಿಗೆ ಆದ ದಿನ ಅವರ ಮಾವಯ್ಯ ಊಟ ಬಿಟ್ಟು ಮಲಗಿದ್ದರಂತೆ. “ಅದೇ ದಿನ ಕೆಳಗಿನ ಕೇರಿಲಿ ಪಾಯ್ಸ ಮಾಡಿದ್ರು. ಏಲಕ್ಕಿ ಪರಿಮಳ ಇಲ್ಲಿವರೆಗೆ ಬಂದಿತ್ತು ಮಾರಾಯ. ಮಾವಯ್ಯಂಗೆ ಕೆಟ್ಟ ದಿನ, ಅವ್ರಿಗೆ ಒಳ್ಳೇ ದಿನ. ದಿನ ಒಂದೇ.” ಇಷ್ಟು ಹೇಳಿ, ಮಾವಯ್ಯ ಮರುದಿನ ಎದ್ದು ಉಳಿದ ತೋಟಕ್ಕೆ ಮಣ್ಣು ಹಾಕಿಸಲು ಹೋದರೆಂಬುದನ್ನೂ ಸೇರಿಸಿದರು. ಬೈಯುತ್ತಲೇ ಹೋದರಂತೆ, ಆದರೆ ಹೋದರು. ಮಣ್ಣು ಹಾಕಿಸಿದ ಆ ತೋಟವೇ ಮಕ್ಕಳನ್ನು ಓದಿಸಿತು. ನಗುನಗುತ್ತ ಹಾಕಿಸಿದ್ದರೆ ಅಡಿಕೆ ಇನ್ನೆರಡು ಕ್ವಿಂಟಾಲು ಹೆಚ್ಚು ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಅಲ್ಲಿಂದ ನಮ್ಮ ಬೇಲಿ ಭಾಷೆಗೆ ಎರಡು ಖಾತೆ ಬಂದವು. ಬಟ್ಟೆ ಒಣಗದ್ದು, ಔಷಧಿಯ ದಿನವೇ ಮಳೆ ಬಂದದ್ದು, ಹಾಲು ಒಡೆದದ್ದು ಮಳೆ ಲೆಕ್ಕ. ಯಾರೋ ಅಳತೆ ತಪ್ಪಿಸಿದ್ದರಿಂದ ನಮ್ಮ ದಿನ ಕೆಟ್ಟರೆ ಅದು ಕೊಳಗದ ಲೆಕ್ಕ. ಮಳೆ ಲೆಕ್ಕದ್ದಕ್ಕೆ ನಕ್ಕು ತೆಳ್ಳೇವು ಎರೆಯುವುದು. ಕೊಳಗದ ಲೆಕ್ಕದ್ದಕ್ಕೆ ನಗಬಾರದು, ಎದ್ದು ಕೇಳಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಕೆಡುತ್ತವೆ. ಮಳೆಯ ಮೇಲೆ ಸತ್ಯಾಗ್ರಹ ಹೂಡಿದವನು ನೆಗಡಿ ಹಿಡಿಸಿಕೊಳ್ಳುತ್ತಾನೆ. ಕೊಳಗದ ಮುಂದೆ ಹಲ್ಲುಕಿಸಿದವನು ಮಕ್ಕಳ ಅನ್ನ ಕಳೆಯುತ್ತಾನೆ.

ಎರಡು ಖಾತೆಗೂ ಸೇರದ್ದು ಒಂದಿದೆ. ಅದರ ಮಾತು ಬಂದಾಗ ಬೇಲಿಯಾಚೆ ದನಿ ಸಣ್ಣದಾಗುತ್ತದೆ. ದೊಡ್ಡಮ್ಮನ ತವರು ಶರಾವತಿ ದಂಡೆಯ ಕಡೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಊರಿಗೂರೇ ನೀರಿನಡಿ ಹೋದವು. ಮನೆಯ ಬಾಗಿಲು, ದಾರಂದ, ಹಂಚು, ತೊಲೆ ಎಲ್ಲ ಕಿತ್ತು ಲಾರಿಗೆ ಹೇರಿಕೊಂಡು ಜನ ಆನಂದಪುರ, ಹೊಸನಗರ, ಶಿವಮೊಗ್ಗದ ಕಾಡಂಚಿಗೆ ಬಂದರು. ಎಷ್ಟೋ ಕುಟುಂಬಗಳಿಗೆ ಕೊಟ್ಟ ಜಾಗದ ಹಕ್ಕಿನ ತಕರಾರು ಅರವತ್ತು ವರ್ಷ ಕಳೆದರೂ ಮುಗಿದಿಲ್ಲ. ಅಂಥವರ ಎದುರು ಕೂತು, ಎಲ್ಲ ಒಳ್ಳೆಯದಕ್ಕೇ ಆದದ್ದು ಎನ್ನುವ ಬಾಯಿ ನನಗಿಲ್ಲ. ಆದರೆ ದೊಡ್ಡಮ್ಮನೇ ಅದನ್ನು ತಮಾಷೆ ಮಾಡಬಲ್ಲರು. ಶರಾವತಿಯ ದೊಡ್ಡ ವಿದ್ಯುದಾಗಾರ ಒಂದರಿಂದಲೇ 1035 ಮೆಗಾವಾಟ್ ಕರೆಂಟು ಬರಬಹುದೆಂದು ನಾನೊಮ್ಮೆ ಹೇಳಿದಾಗ, “ಅಷ್ಟೂ ಬೆಂಗ್ಳೂರಲ್ಲಿ ಸೂರ್ಯನ ಚಿತ್ರ ಕಳ್ಸದಕ್ಕೇ ಖರ್ಚಾಗ್ತದಾ? ಅಪ್ಪನ ಮನೆ ಮುಳುಗ್ಸಿ ಮಾಡಿದ ಕರೆಂಟು, ನನ್ನ ಮಿಕ್ಸಿ ತಿರುಗ್ಸಕ್ಕೆ ಪುರುಸೊತ್ತಿಲ್ಲ ನೋಡು” ಅಂದರು. ಆ ನಗು ಅವರ ಸ್ವಂತದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಕಳೆದುಕೊಂಡವರು ತಾವಾಗಿ ನಕ್ಕರೆ ಅದು ಗಟ್ಟಿತನ; ಕಳೆದುಕೊಳ್ಳದವರು ನಗಿ ಎಂದರೆ ಅದು ಜಬರದಸ್ತು.

ಬೇಲಿ ಮಾತನ್ನು ಇಷ್ಟು ಹೊಗಳಿದ ಮೇಲೆ ಅದರ ಕೆಡುಕನ್ನೂ ಹೇಳಬೇಕು. ನಮ್ಮೂರ ಪಕ್ಕ ಮಲಂದೂರಿನಲ್ಲಿ ಚಂಪಕ ಸರಸ್ಸು ಇದೆ. ಸುತ್ತ ಕಲ್ಲಿನ ಮೆಟ್ಟಿಲು, ಕೊಳದ ನಡುವೆ ಪುಟ್ಟ ಗುಡಿ. ಕೆಳದಿಯ ವೆಂಕಟಪ್ಪ ನಾಯಕ ಕಟ್ಟಿಸಿದ್ದೆಂದು ಹೇಳುತ್ತಾರೆ. ಕತೆ ಇಲ್ಲಿನ ಮಕ್ಕಳಿಗೂ ಗೊತ್ತು: ದಿನಾ ರಂಗೋಲಿ ಹಾಕುತ್ತಿದ್ದ ಚಂಪಕ ಎಂಬ ಹುಡುಗಿ, ರಂಗೋಲಿಗೆ ಮನಸೋತ ರಾಜ, ಮುನಿದ ರಾಣಿ, ಊರ ತುಂಬ ಗುಸುಗುಸು. ರಾಜ್ಯಕ್ಕೆ ಏನು ಕಷ್ಟ ಬಂದರೂ ಕಾರಣ ಚಂಪಕಳೇ ಎಂದು ಜನ ಆಡಿಕೊಂಡರು; ಕೊನೆಗೆ ಅವಳು ವಜ್ರದ ಪುಡಿ ಬೆರೆಸಿದ ಹಾಲು ಕುಡಿದು ಪ್ರಾಣ ಬಿಟ್ಟಳು. ನೆನಪಿಗೆ ರಾಜ ಈ ಕೊಳ ಕಟ್ಟಿಸಿದ. 1623ರಲ್ಲಿ ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕೂಡ, ಇನ್ನೊಬ್ಬ ಹೆಣ್ಣಿನ ಕಾರಣಕ್ಕೆ ರಾಣಿ ವೆಂಕಟಪ್ಪ ನಾಯಕನಿಂದ ದೂರವಾಗಿದ್ದ ಮಾತನ್ನು ಬರೆದಿಟ್ಟಿದ್ದಾನೆ. ಅಂದರೆ ಬೇಲಿ ಮೇಲಿನ ಸುದ್ದಿ ಪರದೇಶದವನ ಕಿವಿಗೂ ಮುಟ್ಟಿತ್ತು.

ಯಾರಾದರೂ ಬೆಂಗಳೂರಿನವರು ಬಂದು ಆ ಕೊಳ ನೋಡಿ “ಎಂಥ ಪ್ರೇಮಸ್ಮಾರಕ!” ಎಂದರೆ ದೊಡ್ಡಮ್ಮನಿಗೆ ಮೈಯುರಿಯುತ್ತದೆ. “ಸತ್ಮೇಲೆ ಕೊಳ ಕಟ್ಸಿದ್ರೆ ಅವ್ಳಿಗೆಂತ ಬಂತು? ಬದ್ಕಿದ್ದಾಗ ಊರವ್ರ ಬಾಯಿ ಮುಚ್ಸದಕ್ಕೆ ಆಗ್ಲಿಲ್ಲ ರಾಜಂಗೆ.” ಊರಿನ ದಿನ ಕೆಟ್ಟದ್ದಕ್ಕೆ ಒಬ್ಬಳ ಮೇಲೆ ಗೂಬೆ ಕೂರಿಸಿದ ಕತೆ ಇದು, ಮಳೆ ಲೆಕ್ಕದ್ದನ್ನೆಲ್ಲ ಬಡಪಾಯಿಯೊಬ್ಬಳ ಲೆಕ್ಕಕ್ಕೆ ಬರೆದದ್ದು. ಅದಕ್ಕೇ ನಮ್ಮ ಬೇಲಿಗೆ ಇನ್ನೊಂದು ನೇಮ: ಗೋಳು ನಿನ್ನದೇ ಇರಬೇಕು, ಮೂರನೇ ಮನೆಯದಾಗಬಾರದು. ಈ ನೇಮ ದಿನವೂ ಪಾಲನೆಯಾಗುತ್ತದೆಂದು ನಾನು ಪ್ರಮಾಣ ಮಾಡಲಾರೆ. ಆ ಕೊಳದ ಬಗ್ಗೆ ದೊಡ್ಡಮ್ಮ ಮೆಚ್ಚಿ ಮಾತಾಡುವುದು ಒಂದೇ ವಿಷಯಕ್ಕೆ. ಹೂಳು ತುಂಬಿ, ಗಿಡಗಂಟಿ ಬೆಳೆದು ಹಾಳಾಗಿದ್ದ ಅದನ್ನು ಈಚಿನ ವರ್ಷಗಳಲ್ಲಿ ಎತ್ತಿ ಶುಚಿ ಮಾಡಿದರಲ್ಲ, ಅದಕ್ಕೆ. “ಹೂಳು ತೆಗ್ದವ್ರು ಅಳ್ತಾ ಕೂರ್ಲಿಲ್ಲ, ನಗ್ತಾನೂ ಕೂರ್ಲಿಲ್ಲ. ಬುಟ್ಟಿ ಹಿಡಿದ್ರು.”

ಈಗ ನಮ್ಮ ಬೇಲಿಯ ತಾಜಾ ವಿಷಯಕ್ಕೆ ಬರುತ್ತೇನೆ. ನಮ್ಮಿಬ್ಬರ ಮನೆ ಎದುರು ರಸ್ತೆಗೆ ಅಡ್ಡ ಒಂದು ಮೋರಿ ಇದೆ. ಜೋರು ಮಳೆ ಬಂದಾಗಲೆಲ್ಲ ಅದು ಕಟ್ಟಿಕೊಂಡು ಮೇಲಿನ ಗುಡ್ಡದ ನೀರೆಲ್ಲ ಎರಡೂ ಅಂಗಳಕ್ಕೆ ನುಗ್ಗುತ್ತದೆ. ದೊಡ್ಡಮ್ಮನ ಕೆಸುವಿನ ಸೊಪ್ಪು ತೇಲಿ ನಮ್ಮಲ್ಲಿಗೆ, ನಮ್ಮ ಚಪ್ಪಲಿ ತೇಲಿ ಅವರಲ್ಲಿಗೆ. ಇಷ್ಟು ವರ್ಷ ನಾವು ಇದನ್ನು ಮಳೆ ಲೆಕ್ಕಕ್ಕೇ ಬರೆಯುತ್ತ ಬಂದೆವು. ಮಳೆಗಾಲದಲ್ಲಿ ನೀರು ಬರದೆ ಬೆಂಕಿ ಬರುತ್ತದಾ ಅಂತ ನಕ್ಕು, ಪೊರಕೆ ಹಿಡಿಯುತ್ತಿದ್ದೆವು. ಮೊನ್ನೆ ಸ್ವಲ್ಪ ಹೊಳವಾದಾಗ ದೊಡ್ಡಮ್ಮ ಛತ್ರಿ ಹಿಡಿದು ಮೋರಿಯ ಬಾಯಿಯ ಹತ್ತಿರ ಹೋಗಿ ನಿಂತರು. ಊರುಗೋಲಿನಿಂದ ಪೈಪಿನ ಬಾಯಿ ಅಳೆದರು. ಆಮೇಲೆ ಮೇಲಿನ ತಿರುವಿನ ಮೋರಿಯ ತನಕ ನಡೆದು ಅದನ್ನೂ ಅಳೆದರು. ಬಂದು ಉಣುಗೋಲಿಗೆ ಕೈಯೂರಿ, “ತಮ್ಮಾ, ಮೇಲಿಂದು ಕೋಲಿನ ಮುಕ್ಕಾಲು ಬರ್ತದೆ, ನಮ್ಮದು ಅರ್ಧವೂ ಇಲ್ಲ. ದೊಡ್ಡ ಬಾಯಿಂದ ಬಂದ ನೀರು ಸಣ್ಣ ಬಾಯಲ್ಲಿ ಹ್ಯಾಂಗೆ ಹೋಗ್ತದೆ? ಇದು ಮಳೆ ಲೆಕ್ಕ ಅಲ್ಲ. ಕೊಳಗದ್ದು” ಅಂದರು.

ಸರಿ, ಸಂಬಂಧಪಟ್ಟವರಿಗೆ ಒಂದು ಅರ್ಜಿ ಎಂದು ತೀರ್ಮಾನವಾಯಿತು. ಬರೆಯುವವನು ನಾನು, ಹೇಳುವವರು ಅವರು, ಕಾಗದ ನೆನೆಯದ ಹಾಗೆ ಮೇಲೆ ಛತ್ರಿ ಹಿಡಿದವಳು ನನ್ನ ಹೆಂಡತಿ. ನಾನು ಮೊದಲ ಸಾಲಿನಲ್ಲೇ ‘ತಮ್ಮ ಘೋರ ನಿರ್ಲಕ್ಷ್ಯದಿಂದ’ ಎಂದು ಶುರು ಮಾಡಿದೆ. ದೊಡ್ಡಮ್ಮ ತಡೆದರು. “ಹಂಗೆಲ್ಲ ಬರೀಬೇಡ. ಓದಿದವ್ನ ದಿನ ಎಂತಕ್ಕೆ ಕೆಡ್ಸ್ತೀಯ? ಬರುವ ಮಳೆಗಾಲದೊಳಗೆ ಮಾಡಿಸಿಕೊಡ್ತೀರಿ ಅಂತ ಪೂರಾ ನಂಬಿಕೆ ಇದೆ ಅಂತ ಬರಿ. ಪಾಸಿಟೀವಾಗಿ.”

ಬರೆದೆ. ಕೆಳಗೆ ಸಹಿಗೆ ಜಾಗ ಬಿಡಲು ಗೆರೆ ಎಳೆಯುತ್ತಿದ್ದವನ ಕೈ ಹಿಡಿದು ಮತ್ತೆ ನಿಲ್ಲಿಸಿದರು.

“ತಡಿ. ಇನ್ನೊಂದು ಸಾಲು ಇದೆ. ಮಾಡ್ದಿದ್ರೆ ನಾವು ಯಾರ್ಯಾರ ಹತ್ರ ಹೋಗ್ತೇವೆ ಅನ್ನದನ್ನೂ ಅಲ್ಲೇ ಕೆಳಗೆ ಬರಿ.”